ಹಿಕ್ಸ್‌ವಿಲ್ಲಿನವರು ಘಾಟಿ ದಾಟಿದ್ದು

ಬೆಟ್ಟಕ್ಕೆ ಹೋದವರಿಗೆ ಕಾಲು ಉಳುಕುತ್ತದೆ, ದಾರಿ ತಪ್ಪುತ್ತದೆ, ಮಳೆ ಹಿಡಿಯುತ್ತದೆ. ನಮಗೆ ಅಂಥದ್ದೇನೂ ಆಗುವುದಿಲ್ಲ. ನಮಗೆ ಆಗುವುದೇ ಬೇರೆ ಥರದ್ದು, ಹೋದಾಗಲೆಲ್ಲ ಆಗುತ್ತದೆ.

ಸಾಫ್ಟ್‌ವೇರಿನವರಿಗೆ ಕೂತಲ್ಲಿ ನಿಂತಲ್ಲಿ ಕೆಲಸ ಸಿಗುತ್ತಿದ್ದ ಕಾಲ ಅದು. ನಾನು ನ್ಯೂಯಾರ್ಕಿನ ಹೊರವಲಯದ ಹಿಕ್ಸ್‌ವಿಲ್ಲಿನಿಂದ ದಿನಾ ರೈಲಿನಲ್ಲಿ ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡುತ್ತಿದ್ದೆ. ನನ್ನ ಮ್ಯಾನೇಜರ್ ಅಮೆರಿಕನ್, ಬೆಟ್ಟದ ಹುಚ್ಚಿನವರು. ರಾಜ್ಯದ ಉತ್ತರಕ್ಕೆ, ಅಪ್‌ಸ್ಟೇಟಿನ ಬೆಟ್ಟಗಳ ನಡುವೆ ಒಂದು ಘಾಟಿ ಇದೆ, ಈಚೆಗೊಂದು ಕೆರೆ, ಆಚೆಗೊಂದು ಕೆರೆ, ನಡುವೆ ಹಿಂದೆ ಮರ ಸಾಗಿಸುತ್ತಿದ್ದ ಹಳೆಯ ದಾರಿ, ಅದನ್ನು ದಾಟದೆ ಇದ್ದರೆ ನ್ಯೂಯಾರ್ಕಿಗೆ ಬಂದೂ ದಂಡ ಎಂದು ನನ್ನ ತಲೆಗೆ ತುಂಬಿದವರು ಅವರೇ. ನಾನೂ ಉಬ್ಬಿಹೋಗಿ, "ಈ ಬೇಸಿಗೆಯಲ್ಲಿ ದಾಟ್ತೀನಿ" ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ.

ಅಲ್ಲಿಂದ ಶುರುವಾಯಿತು. ಘಾಟಿಗೆ ಹೋಗಿಬಂದ ಸೋಮವಾರ ಅವರು ನನ್ನ ಕ್ಯೂಬಿಕಲ್ಲಿನ ಗೋಡೆಗೆ ಮೊಣಕೈ ಊರಿ "ದಾಟಿದೆಯಾ?" ಎನ್ನುವುದು, ನಾನು ಕಂಪ್ಯೂಟರನ್ನೇ ನೋಡುತ್ತ "ಇಲ್ಲ" ಎನ್ನುವುದು. ಆ ಹೊತ್ತಿಗೆ ಅಕ್ಕಪಕ್ಕದ ಕೀಬೋರ್ಡುಗಳೆಲ್ಲ ಸದ್ದು ನಿಲ್ಲಿಸಿ ಕಿವಿಗೊಡುತ್ತಿದ್ದವು. ಹೀಗೆ ಘಾಟಿ ನನ್ನ ಮರ್ಯಾದೆಯ ಪ್ರಶ್ನೆಯಾಯಿತು.

ಕರಡಿಯ ಪಾಲು

ಮೊದಲ ಸಲ ಹೊರಟದ್ದು ಎರಡು ಸಂಸಾರ. ನಾನು, ನನ್ನ ಹೆಂಡತಿ. ಜೊತೆಗೆ ಪಕ್ಕದ ಬೀದಿಯಲ್ಲಿದ್ದ ಧಾರವಾಡದವರು, ಅವರ ಹೆಂಡತಿ. ಅವರು ಡೇಟಾಬೇಸಿನ ಕೆಲಸದವರು, ಅವಸರ ಎಂದರೆ ಏನೆಂದು ಗೊತ್ತಿಲ್ಲದವರು. ನಮ್ಮಾಕೆ ಪುಳಿಯೋಗರೆ, ಮೊಸರನ್ನ, ಕೋಸಂಬರಿ ತಂದಿದ್ದಳು. ಅವರ ಮನೆಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ನಾಲ್ಕು ಜನರ ನೆಪದಲ್ಲಿ ಒಂದು ಮದುವೆ ದಿಬ್ಬಣಕ್ಕೆ ಆಗುವಷ್ಟಿತ್ತು.

ಈಚೆ ಕೆರೆಯ ಪಾರ್ಕಿಂಗಿನಲ್ಲಿ ಇಳಿದಾಗ ಬೆಳಗಿನ ಬಿಸಿಲು ಇನ್ನೂ ಎಳೆಯದು. ಅಲ್ಲಿಯ ರೇಂಜರ್ ಬಂದು, "ಕಾರಿನಲ್ಲಿ ಊಟ ಬಿಟ್ಟು ಹೋಗಬೇಡಿ, ಕರಡಿ ಬಾಗಿಲು ಕಿತ್ತು ತಿನ್ನುತ್ತದೆ" ಎಂದ.

ಧಾರವಾಡದವರು ಡಿಕ್ಕಿಯನ್ನೊಮ್ಮೆ, ಘಾಟಿಯನ್ನೊಮ್ಮೆ ನೋಡಿದರು. "ಇಷ್ಟೂ ಹೊತ್ಕೊಂಡು ಹತ್ತೂದು ಆಗೂದಿಲ್ಲ. ಕರಡಿಗೆ ಬಿಡಾಕ ಮನಸ್ಸಿಲ್ಲ. ಮುಗಿಸೇಬಿಡೂಣ್ರಿ."

ಮುಗಿಸಿದೆವು. ಹೋಳಿಗೆಗೆ ತುಪ್ಪ ಬಿದ್ದ ಮೇಲೆ ಯಾರೋ "ಐದು ನಿಮಿಷ ಅಡ್ಡಾಗೋಣ" ಎಂದರು. ಎಚ್ಚರವಾದಾಗ ಸೂರ್ಯ ನಮ್ಮನ್ನು ಬಿಟ್ಟು ಘಾಟಿ ದಾಟುತ್ತಿದ್ದ. ಸಂಜೆ ಅದೇ ರೇಂಜರ್ ಬಂದು ಘಾಟಿ ಹೇಗಿತ್ತೆಂದು ಕೇಳಿದ. ಧಾರವಾಡದವರು ಇಂಗ್ಲಿಷಿನಲ್ಲಿ ಅವನಿಗೆ ಏನೋ ಒಂದು ಹೇಳಿ ಕಳಿಸಿ, ನಮ್ಮ ಕಡೆ ತಿರುಗಿ, "ಮಲಗೂ ಮುಂದ ಎಲ್ಲಿತ್ತೋ ಅಲ್ಲೇ ಅದ, ಅದಕ್ಕೇನಾಗೇದ?" ಎಂದರು.

ಪೇಜರ್

ಊಟವೇ ಶತ್ರು ಎಂದು ತೀರ್ಮಾನಿಸಿ ಮುಂದಿನ ಸಲ ಗಂಡಸರಿಬ್ಬರೇ ಸೈಕಲ್ಲು ಕಟ್ಟಿಕೊಂಡು, ಬರೀ ಬಾಳೆಹಣ್ಣು ಇಟ್ಟುಕೊಂಡು ಹೋದೆವು. ಧಾರವಾಡದವರದು ಹೊಸ ಗೇರ್ ಸೈಕಲ್. ಮೊದಲ ತಿರುವಿನಲ್ಲೇ ಅವರ ಮುಖ ಟೊಮೆಟೊ ಆಗಿತ್ತು. ನೋಡಿದರೆ ಎಲ್ಲಕ್ಕಿಂತ ದೊಡ್ಡ ಗೇರಿನಲ್ಲಿ ಹತ್ತುತ್ತಿದ್ದಾರೆ.

"ಸಾರ್, ಏರಿಗೆ ಸಣ್ಣ ಗೇರು" ಎಂದೆ.

"ಏನ್ ಹೇಳ್ತೀರಿ, ದೊಡ್ಡ ಗುಡ್ಡಕ್ಕ ದೊಡ್ಡ ಗೇರ್ ಬ್ಯಾಡೇನು?" ಎಂದು ವಾದ ಮಾಡಿ, ವಾದದಲ್ಲಿ ಗೆದ್ದು, ಮರದ ಬುಡದಲ್ಲಿ ಕೂತುಬಿಟ್ಟರು. "ನೀವು ದಾಟಿ ಬರ್ರಿ. ನಾ ಇಲ್ಲೇ ವಿಚಾರ ಮಾಡ್ಕೋತ ಇರ್ತೀನಿ."

ನಾನೊಬ್ಬನೇ ತುಳಿದೆ. ಇನ್ನೊಂದೇ ತಿರುವು, ತುದಿ ಕಾಣುತ್ತಿದೆ. ಅಷ್ಟರಲ್ಲಿ ಸೊಂಟದಲ್ಲಿದ್ದ ಪೇಜರ್ ಅರಚಿಕೊಂಡಿತು. ಆ ವಾರ ಆನ್‌ಕಾಲ್ ಡ್ಯೂಟಿ ನನ್ನದು, ಪೇಜರ್ ಕೂಗಿದರೆ ತಕ್ಷಣ ಆಫೀಸಿಗೆ ಫೋನ್ ಮಾಡಬೇಕು. ಆಫೀಸಿನಲ್ಲಿ ಸಿಸ್ಟಮ್ ಮಲಗಿತು, ಕೆಲಸ ಹೋಯಿತು, ವೀಸಾ ಹೋಯಿತು ಎಂದುಕೊಂಡು ಸೈಕಲ್ ತಿರುಗಿಸಿದವನು ಬಂದ ದಾರಿಯಲ್ಲೇ ಬಿದ್ದು ಎದ್ದು ಇಳಿದೆ. ಮರದ ಬುಡದಿಂದ "ಇಷ್ಟ್ ಲಗೂ ದಾಟಿ ಬಂದ್ರೇನು?" ಎಂಬ ಮಾತು ಕೇಳಿಸಿತು.

ಕೆರೆಯ ಪಕ್ಕದ ಅಂಗಡಿಯ ಪೇಫೋನಿನಿಂದ ಆಫೀಸಿಗೆ ಮಾಡಿದೆ. ಫೋನ್ ಎತ್ತಿದ ಹುಡುಗಿ ಖುಷಿಯಿಂದ ಹೇಳಿದಳು: "ಏನೂ ಇಲ್ಲ. ಬೆಟ್ಟದ ಮೇಲೆ ನಿನಗೆ ಪೇಜರ್ ಸಿಗುತ್ತೋ ಇಲ್ಲವೋ ಅಂತ ಟೆಸ್ಟ್ ಮಾಡಿದ್ವಿ. ಸಿಗುತ್ತೆ. ಎಂಜಾಯ್ ಮಾಡು."

ಖಾಲಿ ಡಬ್ಬಿ

ಬೇಸಿಗೆ ಮುಗಿಯುತ್ತ ಬಂದಿತ್ತು. ನನ್ನ ಸಂಕಟ ನೋಡಲಾರದೆ ಮ್ಯಾನೇಜರೇ ಒಂದು ಉಪಾಯ ಹೇಳಿಕೊಟ್ಟರು. ಎರಡು ಸಂಸಾರ, ಎರಡು ಕಾರು. ಒಬ್ಬರು ಈಚೆ ಕೆರೆಯಲ್ಲಿ ಕಾರು ನಿಲ್ಲಿಸಿ ಹತ್ತಬೇಕು, ಇನ್ನೊಬ್ಬರು ಆಚೆ ಕೆರೆಯಿಂದ. ತುದಿಯಲ್ಲಿ ಭೇಟಿಯಾಗಿ ಕಾರಿನ ಕೀಲಿ ಬದಲಾಯಿಸಿಕೊಂಡು ಎದುರು ಬದಿಗೆ ಇಳಿಯಬೇಕು. ಅವರ ಕಾರಿನಲ್ಲಿ ಇವರು, ಇವರ ಕಾರಿನಲ್ಲಿ ಅವರು ಮನೆಗೆ. ಹತ್ತಿದ ದಾರಿಯಲ್ಲೇ ಹಿಂದಿರುಗುವ ಪ್ರಶ್ನೆಯೇ ಇಲ್ಲ.

ಎಲ್ಲ ಅಂದುಕೊಂಡಂತೆ ನಡೆಯಿತು. ನಾವು ಈಚೆಯಿಂದ ತುದಿ ಮುಟ್ಟುವ ಹೊತ್ತಿಗೆ ಆಚೆಯಿಂದ ಧಾರವಾಡದವರ ಟೋಪಿ ಮೇಲೆ ಬಂತು. ಎರಡೂ ಕೆರೆ ಒಟ್ಟಿಗೆ ಕಾಣುತ್ತಿದ್ದವು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಬಂಡೆಯ ಮೇಲೆ ಕೂತು ಒಂದೊಂದು ತುತ್ತು ತಿಂದೆವು. ನಮ್ಮಾಕೆ, "ದಾರಿಗಾಗುತ್ತೆ" ಎಂದು ಪುಳಿಯೋಗರೆ ಡಬ್ಬಿಯನ್ನು ಅವರ ಕೈಗಿತ್ತಳು. ಅವರ ಮನೆಯವರು ಅದಕ್ಕೆ ಬದಲು ರೊಟ್ಟಿ ಚಟ್ನಿಯ ಡಬ್ಬಿ ಕೊಟ್ಟರು. ಆಮೇಲೆ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದು, "ಕುಂಕುಮ ಹಚ್ಚದ ಹೆಂಗ ಕಳಸೂದ್ರಿ" ಎಂದು ನಮ್ಮಾಕೆಗೆ ಹಚ್ಚಿದರು. "ಬರ್ತೀವಿ", "ಹೋಗಿ ಬರ್ರಿ" ಎಂದುಕೊಂಡು, ಮತ್ತೆ ನಿಂತು ಮಾತಾಡಿ, ಮತ್ತೆ "ಬರ್ತೀವಿ" ಎಂದುಕೊಂಡು, ಕೊಡುವುದು ತೆಗೆದುಕೊಳ್ಳುವುದೆಲ್ಲ ಆಯಿತೆಂಬ ತೃಪ್ತಿಯಲ್ಲಿ ಎಲ್ಲರೂ ಇಳಿದೆವು.

ಆಚೆ ಕೆರೆಯಲ್ಲಿ ಧಾರವಾಡದವರ ಕಾರು ನಿಂತಿತ್ತು. ಜೇಬಿಗೆ ಕೈ ಹಾಕಿದೆ. ಬಂದದ್ದು ನನ್ನ ಕಾರಿನ ಕೀಲಿ.

"ರೀ, ಕೀಲಿ ಬದಲಾಯಿಸಿಕೊಂಡ್ರಾ?" ಎಂದಳು ಹೆಂಡತಿ.

"ನೀವು ಡಬ್ಬಿ ಬದಲಾಯಿಸಿಕೊಂಡ್ರಲ್ಲ" ಎಂದೆ.

ಘಾಟಿ ದಾಟಿದ್ದೆ, ಸೋಮವಾರ ಹೇಳಬಹುದಿತ್ತು. ಆದರೆ ಸೋಮವಾರದೊಳಗೆ ಮನೆ ಸೇರಬೇಕಲ್ಲ. ಈ ಬದಿಯಲ್ಲಿ ಪೇಫೋನೂ ಇಲ್ಲ. ಅವರೂ ಈಚೆ ಕೆರೆಯಲ್ಲಿ ನಮ್ಮ ಕಾರಿನ ಮುಂದೆ ಹೀಗೇ ನಿಂತಿರಬೇಕು. ಬೇರೆ ದಾರಿ ಕಾಣದೆ ರೊಟ್ಟಿ ಚಟ್ನಿ ತಿನ್ನುತ್ತ ಮತ್ತೆ ಹತ್ತಿದೆವು.

ತುದಿ ಹತ್ತಿರವಾದಾಗ ಆ ಕಡೆಯಿಂದ ಏದುಸಿರು ಕೇಳಿಸಿತು. ಧಾರವಾಡದವರು ಬಂಡೆಯ ಮೇಲೆ ಕುಸಿದು ಕೂತು ಹೇಳಿದರು: "ಇದಕ್ಕ ನಮ್ಮ ಡೇಟಾಬೇಸ್‌ನ್ಯಾಗ ಡೆಡ್‌ಲಾಕ್ ಅಂತಾರ್ರಿ. ಇವನಿಗೆ ಬೇಕಾದ್ದು ಅವನ ಕೈಯಾಗ, ಅವನಿಗೆ ಬೇಕಾದ್ದು ಇವನ ಕೈಯಾಗ. ಇಬ್ರೂ ನಿಂತಲ್ಲೇ ನಿಲ್ಲೂದು."

ನಾನು ಕೀಲಿ ಕೊಡಲು ಕೈ ಚಾಚಿದರೆ ಹೆಂಡತಿ ತಡೆದಳು. ಅವರ ಡಬ್ಬಿ ತೊಳೆದು ಕೈಯಲ್ಲಿ ಹಿಡಿದು ನಿಂತಿದ್ದಳು. "ಖಾಲಿ ಡಬ್ಬಿ ಹೇಗ್ರೀ ವಾಪಸ್ ಕೊಡೋದು? ಒಳಗೆ ಹಾಕಕ್ಕೆ ಒಂದು ಹಣ್ಣೂ ಉಳಿದಿಲ್ಲ." ಹಾಗೆಂದು ನನ್ನ ಕೈಯಿಂದ ಕೀಲಿ ಕಿತ್ತು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಕೊಟ್ಟಳು. ಅವರ ಮನೆಯವರಿಗೂ ಅದೇ ಕಷ್ಟವಿತ್ತೆಂದು ಕಾಣುತ್ತದೆ. ನಮ್ಮ ಪುಳಿಯೋಗರೆ ಡಬ್ಬಿ ಗಲಗಲ ಎನ್ನುತ್ತ ನಮ್ಮ ಕೈಗೆ ಬಂತು. ಹೊರಡುವಾಗ ಮತ್ತೊಮ್ಮೆ ಕುಂಕುಮವೂ ಆಯಿತು.

ಸೋಮವಾರ ಮ್ಯಾನೇಜರ್ ಬಂದು ಮೊಣಕೈ ಊರಿದರು. ಕೀಬೋರ್ಡುಗಳು ನಿಂತವು.

"ದಾಟಿದೆಯಾ?"

"ದಾಟಿದೆ" ಎಂದೆ, ಕಂಪ್ಯೂಟರಿನಿಂದ ಮುಖ ಎತ್ತಿ.

ಅವರು ಸಂತೋಷದಿಂದ ನನ್ನ ಕೈ ಕುಲುಕಿ, "ತುದಿಯಲ್ಲಿ ಕೆರೆಗಳು ಹೇಗೆ ಕಾಣುತ್ತಿದ್ದವು, ಹೇಳು" ಎಂದರು.

ನನ್ನ ಬಾಯಿಂದ ಬಂದುಬಿಟ್ಟಿತು: "ಯಾವ ಸಲ ಹತ್ತಿದಾಗ?"