ರಸಬಾಳೆಗೆ ಕೊಟ್ಟ ಇಂಜೆಕ್ಷನ್

ತನ್ನ ತೊಡೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳುವುದು ಬಹಳ ಸುಲಭ. ಈ ಮಾತನ್ನು ನಾನು ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ಸೂಜಿಯ ಒಂದು ಕಡೆ ಔಷಧಿ ಇರಬೇಕು, ಇನ್ನೊಂದು ಕಡೆ ತೊಡೆ ಇರಬೇಕು. ಅಷ್ಟೇ! ನನ್ನ ವಿಷಯದಲ್ಲಿ ಯಾವುದು ಎಲ್ಲಿತ್ತು ಎಂಬುದರಲ್ಲಿ ಮಾತ್ರ ಸ್ವಲ್ಪ ಗೊಂದಲವಾಯಿತು.

ನನಗೆ ಮೈಗ್ರೇನ್ ಇದೆ. ಮೊದಲು ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿನುಗುತ್ತದೆ. ಎದುರಿಗೆ ನಿಂತವರ ಮುಖದಲ್ಲಿ ಅರ್ಧ ಕಾಣೆಯಾಗುತ್ತದೆ. ಆಮೇಲೆ ತಲೆಯ ಒಂದು ಪಕ್ಕದಲ್ಲಿ ಯಾರೋ ಒನಕೆ ಹಿಡಿದು ಕುಟ್ಟಲು ಕೂರುತ್ತಾರೆ. ಅವರು ಎದ್ದು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ನನ್ನ ನೆನಪಿನಲ್ಲಿ ಒಂದಿಷ್ಟನ್ನು ಕಟ್ಟಿಕೊಂಡೇ ಹೋಗುತ್ತಾರೆ. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ನಮ್ಮ ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಪುರಾವೆ ಇಲ್ಲದೆ ಏನನ್ನೂ ನಂಬುವವನಲ್ಲ. ನನ್ನ ನೆನಪನ್ನಂತೂ ಪುರಾವೆ ಇದ್ದರೂ ನಂಬುವುದಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಎಳೆದು ನೋಡಿದೆನೇ ಎಂದು ಅನುಮಾನವಾಗಿ ಮತ್ತೊಮ್ಮೆ ಬರುತ್ತೇನೆ.

ಮಾತ್ರೆ ನುಂಗಿದರೆ ವಾಂತಿಯಾಗುತ್ತಿತ್ತು. ಆದ್ದರಿಂದ ಡಾಕ್ಟರು ಪುಟ್ಟ ಸೀಸೆಯ ಔಷಧಿ ಬರೆದುಕೊಟ್ಟು, "ನೋವು ಶುರುವಾದ ಕೂಡಲೇ ತೊಡೆಗೆ ನೀವೇ ಹಾಕಿಕೊಳ್ಳಿ. ಹಾರ್ಟ್ ತೊಂದರೆ ಇರುವವರು ಮಾತ್ರ ಇದನ್ನು ಮುಟ್ಟಬಾರದು" ಎಂದರು. ನರ್ಸಮ್ಮ ಸಿರಿಂಜು ಹಿಡಿಯುವುದನ್ನು ತೋರಿಸಿ, "ಮನೇಲಿ ನೀರು ತುಂಬ್ಕೊಂಡು ಯಾವ್ದಾದ್ರೂ ಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡ್ಕೊಳಿ ಸಾರ್, ಕೈ ಕೂರುತ್ತೆ" ಎಂದರು.

ನನ್ನ ಹೆಂಡತಿ ಮಂಜುಳಾಗೆ ಚಿಂತೆ ಹತ್ತಿದ್ದು ನನ್ನ ತೊಡೆಯ ಬಗ್ಗೆ ಅಲ್ಲ, ಭಾನುವಾರದ ಬಗ್ಗೆ. ಮಗಳು ರಚನಾಗೆ ತಿ. ನರಸೀಪುರದ ಒಂದು ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿ, ಫೋನಿನಲ್ಲಿ ಮಾತಾಡಿ ಮಾತಾಡಿ ಸಂಸಾರ ಅರ್ಧ ಶುರುವೇ ಮಾಡಿದ್ದರು. ಬಾಕಿ ಇದ್ದದ್ದು ದೊಡ್ಡವರು ಹೂಂ ಅನ್ನುವುದೊಂದೇ. ಅದಕ್ಕೆ ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಇದೆ. ಹೆಸರಿಗೆ ನಾವು ಅವರ ಮನೆ ನೋಡುತ್ತೇವೆ. ನಿಜವಾಗಿ ಅವರು ನಮ್ಮನ್ನು ನೋಡುತ್ತಾರೆ.

"ಅಪ್ಪ, ನಂಗೆ ಅವನ್ನ ಬಿಟ್ರೆ ಬೇರೆ ಯಾರೂ ಬೇಡ" ಎಂದಿದ್ದಳು ರಚನಾ. "ಅಲ್ಲಿ ಹೋಗಿ ಯಾರ ಹತ್ರಾನೂ ಪುರಾವೆ ಕೇಳ್ಬೇಡ. ಸುಮ್ನೆ ಕೊಟ್ಟಿದ್ದು ತಿಂದು ಬಾ."

"ತಲೆನೋವಿನ ಸುದ್ದೀನೂ ಎತ್ಬೇಡಿ" ಎಂದಳು ಮಂಜುಳಾ. "ಹುಡ್ಗಿ ಅಪ್ಪಂಗೆ ತಲೇಲಿ ಏನೋ ಕಾಯಿಲೆ, ಸೂಜಿ ಚುಚ್ಕೊಂಡು ಓಡಾಡ್ತಾರೆ ಅಂತ ಗೊತ್ತಾದ್ರೆ, ನಾಳೆ ಮಗ್ಳಿಗೂ ಬರುತ್ತೆ ಅಂತಾರೆ."

ಎರಡು ಷರತ್ತಿಗೂ ಒಪ್ಪಿದೆ. ಆದರೆ ಅಲ್ಲೇ ನೋವು ಬಂದುಬಿಟ್ಟರೆ? ವಿಜ್ಞಾನ ಓದಿದವನು ಸಿದ್ಧನಾಗಿರಬೇಕು. ಶನಿವಾರ ಸಂಜೆ ಅಭ್ಯಾಸಕ್ಕೆ ಕುಳಿತೆ. ಹಣ್ಣಿಗಾಗಿ ಹುಡುಕಿದಾಗ ಉಗ್ರಾಣದ ಮೂಲೆಯಲ್ಲಿ ಹುಲ್ಲಿನ ಕೆಳಗೆ ಒಂದು ಚಿಪ್ಪು ಬಾಳೆಹಣ್ಣು ಸಿಕ್ಕಿತು. ಅಸಲಿ ರಸಬಾಳೆ! ನಂಜನಗೂಡಿನಲ್ಲಿ ಹುಟ್ಟಿದವರಿಗೇ ಈಗ ಅದು ನೋಡಲು ಸಿಗುವುದು ಅಪರೂಪ. ಯಾರು ತಂದರು, ಯಾಕೆ ಹುಲ್ಲು ಮುಚ್ಚಿದ್ದಾರೆ ಎಂದು ಯೋಚಿಸಬೇಕಿತ್ತು. ವಿಜ್ಞಾನಿ ಪ್ರಯೋಗದ ವಸ್ತುವಿನ ಕುಲಗೋತ್ರ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಸಿರಿಂಜಿಗೆ ನೀರು ತುಂಬಿ ಒಂದೊಂದೇ ಹಣ್ಣಿಗೆ ಚುಚ್ಚಿದೆ. ಮೊದಲನೆಯದು ನಡುಗುತ್ತಾ. ಆಮೇಲಿನದು ಧೈರ್ಯವಾಗಿ. ಕೊನೆಕೊನೆಗೆ ಹಣ್ಣಿಗೆ "ನೋವಾಗಲ್ಲ, ಉಸಿರು ಬಿಡು" ಎಂದು ಸಮಾಧಾನ ಹೇಳುವಷ್ಟು ಕೈ ಪಳಗಿತು. ಇನ್ನೊಂದು ಸಲ ನೀರು ತುಂಬಿ ಸಿರಿಂಜನ್ನು ಸ್ಟೀಲ್ ತಟ್ಟೆಯಲ್ಲಿಟ್ಟೆ. ಅಷ್ಟರಲ್ಲಿ ಕಣ್ಣಂಚಿನಲ್ಲಿ ಗರಗಸ ಮಿನುಗಿತು! ಸ್ವಲ್ಪ ಹೊತ್ತಿಗೆ ಒನಕೆಯೂ ಬಂತು.

ಗಾಬರಿಯಾಗಲಿಲ್ಲ. ಪರೀಕ್ಷೆಗೆ ಓದಿದ ಪ್ರಶ್ನೆಯೇ ಬಂದ ವಿದ್ಯಾರ್ಥಿಯ ಹಾಗೆ ಖುಷಿಯಾಯಿತು. ಹೊಸ ಸಿರಿಂಜಿಗೆ ಔಷಧಿ ಎಳೆದುಕೊಂಡು ತಟ್ಟೆಯ ಬಲಗಡೆ ಇಟ್ಟು, ಹತ್ತಿ ತರಲು ಒಳಗೆ ಹೋದೆ. ಬಂದು, ಅರ್ಧವೇ ಕಾಣುವ ಕಣ್ಣಿನಲ್ಲಿ ಬಲಗಡೆಯ ಸಿರಿಂಜು ಎತ್ತಿ ತೊಡೆಗೆ ಚುಚ್ಚಿಕೊಂಡೆ. ಎಡಗಡೆಯ ಸಿರಿಂಜಿನಲ್ಲಿ ಉಳಿದಿದ್ದ ನೀರನ್ನು ಸುಮ್ಮನೆ ಚೆಲ್ಲುವುದೇಕೆ ಎಂದು ವಿಜಯೋತ್ಸವದ ರೂಪದಲ್ಲಿ ಒಂದು ಬಾಳೆಹಣ್ಣಿಗೆ ಚುಚ್ಚಿದೆ. ಎರಡು ಸೂಜಿಯನ್ನೂ ಡಬ್ಬಿಗೆ ಹಾಕಿ ಮುಚ್ಚಿ ಮಲಗಿದೆ. ಅರ್ಧ ಗಂಟೆಯಲ್ಲಿ ಒನಕೆ ನಿಂತಿತು. ಎಂಥ ಔಷಧಿ! ಎಂಥ ವಿಜ್ಞಾನ! ಎಂಥ ನಾನು!

ಮಾರನೆಯ ದಿನ ನಾನು, ಮಂಜುಳಾ ಮತ್ತು ಅವಳ ಅಣ್ಣ ನಾಗರಾಜು ಕಾರಿನಲ್ಲಿ ಹೊರಟೆವು. ಸುತ್ತೂರು ದಾಟುವವರೆಗೂ ನಾನು ಇಂಜೆಕ್ಷನ್ ವಿದ್ಯೆಯನ್ನು ವರ್ಣಿಸಿದೆ.

"ಅದ್ಸರಿ, ನಿನ್ನೆ ತಟ್ಟೇಲಿ ಸೂಜಿ ಹಂಗೇ ಬಿಟ್ಟು ಹತ್ತಿ ತರೋಕೆ ಎದ್ದೋಗಿದ್ರಲ್ಲ" ಎಂದಳು ಮಂಜುಳಾ. "ಟೇಬಲ್ ಒರಸ್ಬೇಕಾಗಿತ್ತು. ನಾನೇ ತಟ್ಟೆ ತಿರುಗ್ಸಿ ಆ ಕಡೆ ಇಟ್ಟೆ."

"ತಿರುಗ್ಸಿ? ಎಷ್ಟು ತಿರುಗ್ಸಿದೆ?"

"ಎಷ್ಟು ಅಂದ್ರೆ? ತಟ್ಟೆ ಕಣ್ರೀ ಅದು, ಸ್ಕೂಟರ್ ಹ್ಯಾಂಡ್ಲಾ ಅಳತೆ ಇಟ್ಕೊಂಡು ತಿರುಗ್ಸೋಕೆ!"

ಬಲ ಎಡವಾಗಿತ್ತೇ? ಹಾಗಾದರೆ ತೊಡೆಗೆ ಹೋದದ್ದು ನೀರು. ಬಾಳೆಹಣ್ಣಿಗೆ ಹೋದದ್ದು ಔಷಧಿ. ಆದರೆ ನೋವು ಹೋಯಿತಲ್ಲ! ಹಾಗಾದರೆ ತೊಡೆಗೆ ಔಷಧಿಯೇ ಹೋಗಿರಬೇಕು. ಆದರೆ ನಂಬಿಕೆಯಿಂದಲೇ ನೋವು ಹೋಗುತ್ತದೆ ಎಂದು ಪಕ್ಕದ ಮನೆಯವರಿಗೆ ಉಪನ್ಯಾಸ ಕೊಟ್ಟವನು ನಾನೇ. ಅಷ್ಟಕ್ಕೂ ಔಷಧಿಯನ್ನು ನಾನು ಬಲಗಡೆಯೇ ಇಟ್ಟಿದ್ದೆನೇ?

"ಇರ್ಲಿ, ಆ ಚಿಪ್ಪು ಬಾಳೆಹಣ್ಣು ಮನೇಲೇ ಇದ್ಯಲ್ಲ, ನೋಡಿದ್ರಾಯ್ತು" ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡಿರಬೇಕು.

"ಯಾವ್ ಹಣ್ಣು ಬಾವ?" ಎಂದ ನಾಗರಾಜು, ಸ್ಟೀರಿಂಗ್ ಮೇಲೆ ಕೈ ಬಡಿಯುತ್ತಾ. "ನಮ್ ತೋಟದ್ ರಸಬಾಳೆ ತಾನೆ? ಬೀಗ್ರು ಮನೆಗೆ ಅಂತ್ಲೇ ಹಣ್ಣಿಗಿಟ್ಟಿದ್ದು. ಅದು, ಮತ್ತೆ ನಾನ್ ಬೆಳಗ್ಗೆ ತಂದ ಇನ್ನೊಂದ್ ಚಿಪ್ಪು, ಎರಡೂ ಹಿಂದ್ಗಡೆ ಡಿಕ್ಕೀಲಿ ಅವೆ!"

ನನಗೆ ಹುಡುಗನ ತಾತನ ನೆನಪಾಯಿತು. ಪುಟ್ಟಮಾದೇಗೌಡರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ಮಂಜುಳಾಳ ಕಿವಿಯಲ್ಲಿ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, "ಬಾಯಿ ಬಿಟ್ರೆ ಸಂಬಂಧ ಹೋಗುತ್ತೆ. ಬಾಯಿ ಬಿಡ್ದೆ ಆ ಹಣ್ಣನ್ನ ಅವ್ರ ಬಾಯಿಗೆ ಹೋಗ್ದಂಗೆ ನೋಡ್ಕೊಳಿ" ಎಂದಳು. ತೀರ್ಪು ಸ್ಪಷ್ಟವಾಗಿತ್ತು.

ಆ ಮನೆಯ ಬಾಗಿಲಲ್ಲೇ ಹುಡುಗನ ಸೋದರತ್ತೆ ಗೌರಮ್ಮ ಹಣ್ಣಿನ ತಟ್ಟೆ ಇಸಿದುಕೊಂಡು ಒಳಗೆ ಹೊರಟರು. "ನಾನೇ ಹಿಡ್ಕೋತೀನಿ" ಎಂದು ನಾನು ತಟ್ಟೆ ಎಳೆದೆ. ನಾನು ಮರ್ಯಾದೆಗೆ ಎಳೆಯುತ್ತಿದ್ದೇನೆಂದು ತಿಳಿದು ಅವರು ಇನ್ನೂ ಜೋರಾಗಿ ಎಳೆದರು. ಅವರೇ ಗೆದ್ದರು. ಹುಡುಗನ ತಂದೆ ಸಿದ್ದೇಗೌಡರು ಜಗುಲಿಯಿಂದ "ಬನ್ನಿ ಬನ್ನಿ, ಕಾಲ್ ತೊಳ್ಕೊಳಿ" ಎಂದರು. ತಾತ ಪಕ್ಕದ ಕುರ್ಚಿಯಲ್ಲಿ ಕೂತು ನನ್ನನ್ನು ಹಸು ಕೊಳ್ಳುವವರ ಹಾಗೆ ಮೇಲಿಂದ ಕೆಳಗೆ ನೋಡಿದರು.

ಕಾಫಿ ಬರುವಷ್ಟರಲ್ಲಿ ಬಚ್ಚಲು ಎಲ್ಲಿ ಎಂದು ಕೇಳಿ ಎದ್ದೆ. ನೇರ ದೇವರ ಮನೆಗೆ ಹೋದೆ. ಒಂದು ಚಿಪ್ಪು ದೇವರ ಮುಂದಿತ್ತು. ಕನ್ನಡಕ ಏರಿಸಿ ಸೂಜಿಯ ತೂತು ಹುಡುಕಿದೆ. ರಸಬಾಳೆ ಚೆನ್ನಾಗಿ ಹಣ್ಣಾದರೆ ಸಿಪ್ಪೆಯ ತುಂಬ ಕರಿ ಚುಕ್ಕಿ. ಸೂಜಿ ಚುಚ್ಚಿದ ಕಡೆಯೂ ರಾತ್ರಿ ಕಳೆದರೆ ಕರಿ ಚುಕ್ಕಿ. ಪ್ರತಿ ಹಣ್ಣಿಗೂ ಇಡೀ ಆಸ್ಪತ್ರೆಯೇ ಸೇರಿ ಇಂಜೆಕ್ಷನ್ ಕೊಟ್ಟ ಹಾಗಿತ್ತು! ಹೆಚ್ಚು ಅನುಮಾನ ಬಂದವನ್ನು ಕಿತ್ತು ಕಿತ್ತು ಜೇಬಿಗೆ ಹಾಕಿಕೊಳ್ಳತೊಡಗಿದೆ.

"ಏನಣ್ಣಾ ಇಲ್ಲಿ?" ಹಿಂದೆ ಗೌರಮ್ಮ.

"ದೇವರ ದರ್ಶನ."

"ಜೇಬ್ನಲ್ಲಿ?"

"ಪ್ರಸಾದ."

"ಇನ್ನೂ ಪೂಜೇನೇ ಆಗಿಲ್ವಲ್ಲಣ್ಣಾ!"

ಅಷ್ಟರಲ್ಲಿ ಜಗುಲಿಯಿಂದ ಒಂದು ಗರ್ಜನೆ ಕೇಳಿಸಿತು. ತಾತನಿಗೆ ಹಸಿವು ತಡೆಯುವುದಿಲ್ಲವೆಂದು ಇನ್ನೊಂದು ಚಿಪ್ಪನ್ನು ಅವರ ಮುಂದೆ ಇಟ್ಟಿದ್ದರಂತೆ!

ನಾನು ಓಡಿ ಬಂದಾಗ ತಾತ ಅಂಗಳಕ್ಕೆ ಉಗಿಯುತ್ತಿದ್ದರು. "ಥೂ! ಥೂ! ಇದೇನ್ಲಾ ಅಣ್ಣು ಇದು! ಬೇವಿನ್ ಕಷಾಯ ಕುಡ್ದಂಗಾಯ್ತು!"

"ಶುಭಕಾರ್ಯಕ್ಕೆ ತಂದ ಹಣ್ಣೇ ಹಿಂಗಾ?" ಎಂದರು ಗೌರಮ್ಮ, ಎದೆಯ ಮೇಲೆ ಕೈಯಿಟ್ಟು. "ಶಕುನ ಸರಿಯಿಲ್ಲ ಕಣೋ ಸಿದ್ದೇಗೌಡ. ನಾನ್ ಮೊದ್ಲೇ ಅಂದೆ."

ನಾಗರಾಜು ಕೆಂಪಗಾದ. "ನಮ್ ತೋಟದ್ ಹಣ್ಣನ್ನ ಕಹಿ ಅಂತೀರಾ? ತಾತಂಗೆ ಬಾಯಿ ಕೆಟ್ಟಿರ್ಬೇಕು!"

"ಯಾರ್ಗ್ಲಾ ಬಾಯಿ ಕೆಟ್ಟಿರೋದು? ನೀನೇ ತಿನ್ನು ಬಾ!"

"ತಿಂತೀನಿ ಕೊಡಿ!"

ಉಳಿದ ಹಣ್ಣಿಗೆ ನಾಗರಾಜು ಕೈ ಹಾಕಿದ. ಸಿದ್ದೇಗೌಡರ ಮುಖ ಬಿಗಿದುಕೊಂಡಿತ್ತು. ಗೌರಮ್ಮ ಕಾಫಿ ಲೋಟಗಳನ್ನು ಒಳಗೆ ಎತ್ತಿಕೊಳ್ಳತೊಡಗಿದ್ದರು. ಕುಡಿಯದ ಕಾಫಿ ವಾಪಸ್ ಹೋದರೆ ಅಲ್ಲಿಗೆ ಸಂಬಂಧ ಮುಗಿಯಿತೆಂದೇ ಅರ್ಥ. ರಚನಾಳ ಮುಖ ನೆನಪಾಯಿತು. ಇದೊಂದು ಸಲ ನನ್ನ ನೆನಪಿನ ಬಗ್ಗೆ ನನಗೆ ಅನುಮಾನ ಬರಲಿಲ್ಲ.

"ನಿಲ್ಲಿ! ಅದಕ್ಕೆ ನಾನು ಇಂಜೆಕ್ಷನ್ ಕೊಟ್ಟಿದ್ದೀನಿ!" ಎಂದು ಕೂಗಿದೆ.

ಎಲ್ಲರೂ ನಿಂತಲ್ಲೇ ನಿಂತರು. ಮಂಜುಳಾ ಕಣ್ಣು ಮುಚ್ಚಿಕೊಂಡಳು. ಮೈಗ್ರೇನು, ನರ್ಸಮ್ಮ, ತಟ್ಟೆ, ಬಲ, ಎಡ, ಎಲ್ಲವನ್ನೂ ಒಪ್ಪಿಸಿದೆ. ಜೇಬಿನಲ್ಲಿದ್ದ ಹಣ್ಣುಗಳನ್ನೂ ತೆಗೆದು ಪಂಚರ ಮುಂದೆ ಇಡುವ ಹಾಗೆ ಸಾಲಾಗಿ ಇಟ್ಟೆ. ಕೂಡಲೇ ಡಾಕ್ಟರಿಗೆ ಫೋನು ಮಾಡಿದೆ. ತಾತ ಉಗಿದುಬಿಟ್ಟಿರುವುದರಿಂದ ಹೆದರಬೇಕಾಗಿಲ್ಲ, ಬಾಯಿ ಮುಕ್ಕಳಿಸಲಿ, ಎದೆಯಲ್ಲಿ ಏನಾದರೂ ಆದರೆ ತಕ್ಷಣ ಕರೆತನ್ನಿ ಎಂದರು. ಆಮೇಲೆ "ಅಲ್ಲಾ, ಬಾಳೆಹಣ್ಣಿಗೂ ತಲೆನೋವಿತ್ತೇನ್ರೀ?" ಎಂದು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು.

ಮೊದಲು ನಕ್ಕಿದ್ದು ತಾತ. "ಅಂಗಾದ್ರೆ ಶಕುನ ಅಲ್ಲ, ಔಸ್ದಿ! ನಾನ್ ಎಲ್ಲೋ ನಂಜನಗೂಡ್ನೋರು ಪುಟ್ಬಾಳೆ ತಂದು ರಸಬಾಳೆ ಅಂತ ಏಮಾರ್ಸ್ತಾವ್ರೆ ಅಂದ್ಕಂಡಿದ್ದೆ."

"ಅರ್ಧ ತಲೆನೋವಾ ಅಣ್ಣಾ?" ಎಂದು ಗೌರಮ್ಮ ಲೋಟಗಳನ್ನು ಮತ್ತೆ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತುಬಿಟ್ಟರು. "ಕಣ್ಮುಂದೆ ಮಿಣಮಿಣ ಅನ್ನುತ್ತಾ? ನಂಗೂ ಅನ್ನುತ್ತೆ! ನಮ್ಮವ್ವಂಗೂ ಅನ್ನೋದು! ಈ ಮನೇಲಿ ಯಾರೂ ನಂಬಲ್ಲ, ಕೆಲ್ಸಗಳ್ಳಿ ಅಂತಾರೆ. ಕೇಳಿದ್ಯಾ ಸಿದ್ದೇಗೌಡ? ಓದ್ದೋರಿಗೂ ಬರುತ್ತಂತೆ!"

ಹೆಣ್ಣಿನ ಕಡೆಯಿಂದ ಬರಬಹುದೆಂದು ನಾವು ಮುಚ್ಚಿಟ್ಟಿದ್ದ ಕಾಯಿಲೆ ಗಂಡಿನ ಮನೆಯಲ್ಲಿ ಎರಡು ತಲೆಮಾರಿನಿಂದ ಕೂತಿತ್ತು! ಕಾಫಿ ಬಿಸಿಯಾಗಿ ಇನ್ನೊಮ್ಮೆ ಬಂತು. ತಾತ ಸೋಮನಾಥಪುರದಲ್ಲಿರುವ ಮಗಳಿಗೆ ಫೋನು ಮಾಡಿ "ಬೀಗ್ರು ಬಾರೀ ತಮಾಸೆ ಮನುಸ" ಎಂದು ವರದಿ ಕೊಟ್ಟರು. ಮಾತು ಮದುವೆಯ ತಿಂಗಳಿನವರೆಗೂ ಹೋಯಿತು. ಅಲ್ಲಿಗೆ ಮುಗಿದಿದ್ದರೆ ನಾನು ತಲೆಯೆತ್ತಿಕೊಂಡೇ ನಂಜನಗೂಡಿಗೆ ವಾಪಸಾಗುತ್ತಿದ್ದೆ.

"ಅಲ್ಲಾ ಬೀಗ್ರೇ" ಎಂದರು ತಾತ, ಏನೋ ಲೆಕ್ಕ ಸಿಗದವರ ಹಾಗೆ. "ಔಸ್ದಿ ನನ್ ಬಾಯ್ಗೆ ಬಂತು. ಅಂಗಾರೆ ನಿಮ್ ತೊಡೆಗೆ ಓಗಿದ್ದೇನು?"

"ನೀರು" ಎಂದೆ.

"ತಲೆನೋವು?"

"ಹೋಯ್ತು."

ಆಮೇಲೆ ಅಲ್ಲಿ ಎದ್ದ ನಗುವಿಗೆ ಕೊಟ್ಟಿಗೆಯ ಹಸುಗಳೂ ತಿರುಗಿ ನೋಡಿದವು.

ವಾಪಸ್ ಬರುವಾಗ ಕಾರಿನಲ್ಲಿ ನಾನು ವೈಜ್ಞಾನಿಕವಾಗಿ ವಾದಿಸಿದೆ. ಮೈಗ್ರೇನ್ ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ. ಒಂದೇ ಘಟನೆಯಿಂದ ಏನನ್ನೂ ತೀರ್ಮಾನಿಸಬಾರದು. ಅಲ್ಲದೆ ಆ ಸಂಜೆ ನಾನು ಮಾತ್ರೆಯನ್ನೂ ನುಂಗಿದ್ದಿರಬಹುದು, ಈಗ ನೆನಪಿಲ್ಲ. ನಾಗರಾಜು ಸ್ಟೀರಿಂಗ್ ಹಿಡಿಯಲಾರದಷ್ಟು ನಗುತ್ತಿದ್ದ. ಮಂಜುಳಾ ಮಾತ್ರ ನಗಲಿಲ್ಲ. ಇಷ್ಟು ವರ್ಷ ನನ್ನ ತಲೆನೋವಿಗೆಂದು ಅವಳು ಎಳೆದ ಕಿಟಕಿ ಪರದೆ, ಆರಿಸಿದ ಟಿ.ವಿ., ಅರ್ಧ ಬಾಗಿಲಲ್ಲೇ ಸಾಗಹಾಕಿದ ನೆಂಟರು, ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದಳೆಂದು ಕಾಣುತ್ತದೆ.

ಮೊನ್ನೆ ಮತ್ತೆ ಗರಗಸದ ಬೆಳಕು ಬಂತು. ಒನಕೆಯೂ ಬಂತು. ತಲೆ ಹಿಡಿದುಕೊಂಡು ಹಾಸಿಗೆಯ ಮೇಲೆ ಬಿದ್ದು, "ಮಂಜೂ, ತಲೆನೋವು... ಇಂಜೆಕ್ಷನ್ ಎಲ್ಲಿಟ್ಟಿದ್ದೀನೋ ನೆನಪಾಗ್ತಿಲ್ಲ" ಎಂದು ನರಳಿದೆ.

ಅಡುಗೆಮನೆಯಿಂದ ದನಿ ಬಂತು: "ರೀ, ನಲ್ಲಿ ನೀರು ಸಾಕಾ, ಫಿಲ್ಟರ್ ನೀರೇ ಆಗ್ಬೇಕಾ?"