ಬಸ್ಸಿಗಿಂತ ಮುಂಚೆ ಹರಿಹರ

ಬಾತಿ ಊರು ದಾಟಿದ್ದೇ ತಡ, ಬೈಕಿನ ಆಕ್ಸಿಲೇಟರ್ ಪೂರ್ತಿ ತಿರುವಿದೆ. ಮುಳ್ಳು ಎಂಬತ್ತರ ಮ್ಯಾಲೆ ನಡುಗಾಕೆ ಹತ್ತಿತು. ಮುಳ್ಳೊಂದೇ ಅಲ್ರಿ, ನಾನೂ ನಡುಗ್ತಿದ್ದೆ. ಸುಳ್ಳು ಯಾಕ ಹೇಳ್ಲಿ? ಸ್ಪೀಡಿನಾಗೆ ಹೆದ್ರಿಕೆ ಆಗಲ್ಲ ಅನ್ನೋನು ಗಾಡಿನೇ ಓಡ್ಸಿಲ್ಲ. ಹೆದ್ರಿಕೆ ಐತೆ ಅಂತಾನೇ ಅದು ಮಜಾ. ಕಣ್ಣಾಗೆ ನೀರು, ಅಂಗಿ ಬೆನ್ನಮ್ಯಾಲೆ ಪಟಪಟ, ಬಾಯಿ ತೆಗೆದ್ರೆ ಹುಳ. ಮುಂದೆ ಹರಿಹರದ ಬಸ್ಸು. ಅದನ್ನ ಹಿಂದೆ ಹಾಕ್ಲೇಬೇಕಿತ್ತು.

ದಾವಣಗೆರೆ ಮಂಡಕ್ಕಿ ಭಟ್ಟಿ ಮಾಲೀಕ ರಹೀಮ್ ಚಾಚಾ ಬೆಳಿಗ್ಗೆನೇ ಅಂದಿದ್ದ, "ಬಸ್ಸಿಗಿಂತ ಮುಂಚೆ ಹರಿಹರದ ಬಸಣ್ಣನ ಅಂಗಡಿ ಮುಟ್ಟು ಬೇಟಾ. ನಾಳೆಯಿಂದ ಆ ಲೋಡು ಕಾಯಂ ನಿಂದೇ." ಇದು ತಪ್ಪಿದ್ರೆ ನಾನು ಹತ್ತಿ ಮಿಲ್ಲಿನಾಗೆ ಅಂಡಿಗೆ ಮೂಟೆ ಹೊರಾಕೆ ಹೋಗ್ಬೇಕಿತ್ತು. ನನ್ನತ್ರ ಇದ್ದಿದ್ದು ಮಾವನ ಹಳೇ ಗಾಡಿ ಒಂದೇ. ಅದರ ಹಿಂದೆ ನನಗಿಂತ ದೊಡ್ಡ ಚೀಲ ಕಟ್ಟಿದ್ವಿ. ಮಂಡಕ್ಕಿ ತೂಕ ಇರಲ್ಲ, ಆದ್ರೆ ಗಾಳಿ ಹಿಡೀತೈತೆ. ಯಾರೋ ಹಿಂದಿಂದ ಕಾಲರ್ ಹಿಡಿದು ಜಗ್ಗಿದಂಗೆ ಆಗ್ತೈತೆ. ಚಾಚಾ ದಬ್ಬಣ ತಗಂಡು, "ತಡಿ, ಚೀಲದ ಬಾಯಿ ಹೊಲಿತೀನಿ" ಅಂದ. "ಹೊಲಿಗೆ ಗಿಲಿಗೆ ಬ್ಯಾಡ ಚಾಚಾ, ಒಂದು ಗಂಟು ಸಾಕು" ಅಂತ ನಾನೇ ಬಿಗಿದು ಹೊಂಟಿದ್ದೆ.

ಬಸ್ಸು ಹಿಂದೆ ಬಿತ್ತು. ಕಿಟಕಿಯಿಂದ ಜನ ಕೈ ಬೀಸಿ ಬೀಸಿ ಕೂಗಿದ್ರು. ನಾನೂ ಒಂದು ಕೈ ಎತ್ತಿ ಸಲಾಂ ಹೊಡದೆ. ಅಲ್ಲಿಂದ ಗಾಡಿ ಹಕ್ಕಿ ಆಗೋತು ನೋಡ್ರಿ. ಹಿಂದೆ ಜಗ್ಗೋದೇ ನಿಂತೋತು. ಎಲ್ಲಾ ನನ್ನ ಕೈಚಳಕ ಅಂದ್ಕಂಡೆ. ಹಿಂದೆ ನೋಡಾಕೆ ಕನ್ನಡಿ ಇರ್ಲಿಲ್ಲ. ನಮ್ಮಕ್ಕ ಜಡೆ ಹಾಕ್ಕಳಾಕೆ ಅಂತ ಕಿತ್ಕಂಡಿದ್ಳು.

ಬಸಣ್ಣನ ಅಂಗಡಿ ಮುಂದೆ ಗಾಡಿ ನಿಲ್ಸಿ, "ಹೆಂಗೆ ಬಂದೆ ನೋಡು!" ಅಂದೆ.

ಆತ ನನ್ನ ಹಿಂದೆ ಬಗ್ಗಿ ನೋಡ್ದ. "ಬಂದಿ ಬಿಡಪ್ಪ. ಏನ್ ತಂದಿ?"

ಚೀಲ ಒಣಗಾಕಿದ ಧೋತ್ರದಂಗೆ ಜೋತು ಬಿದ್ದಿತ್ತು. ಅಷ್ಟರಾಗೆ ಬಸ್ಸೂ ಬಂತು. ಕಂಡಕ್ಟರ್ ತಲಿಯಾಗಿನ ಮಂಡಕ್ಕಿ ಕೊಡವ್ತಾ ಇಳಿದ. "ಏನಲೇ, ನಮ್ ಬಸ್ಸಿಗೆ ಇವತ್ತು ಮದ್ವಿ ಇತ್ತೇನು? ದಾರಿ ತುಂಬಾ ಅಕ್ಕಿಕಾಳು ಹಾಕ್ಕಂತ ಬಂದಿ!"

ಚಾಚಾ ಮಾತಿಗೆ ತಪ್ಪೋನಲ್ಲ. ಹರಿಹರದ ಲೋಡು ನನಗೇ ಕೊಟ್ಟ. ಆದ್ರೆ ಗಾಡಿ ಮ್ಯಾಲಲ್ಲ, ಅದೇ ಬಸ್ಸಿನ ಟಾಪಿನ ಮ್ಯಾಲೆ, ಬಾಯಿ ಹೊಲಿದ ಚೀಲ ತಬ್ಕಂಡು ಕುಂತು. ದಿನಾ ಬಾತಿ ದಾಟಿದ ಕೂಡ್ಲೆ ನಾನು ಟಾಪಿನ ತಗಡು ಬಡಿದು, "ಹೊಡೀ ಡ್ರೈವರಣ್ಣಾ, ಜೋರಾಗಿ ಹೊಡೀ!" ಅಂತ ಒದರ್ತೀನಿ. ಆತ ಹೊಡಿಯಲ್ಲ.

ಇಷ್ಟೇ ರೀ. ಹೇಳಾಕೆ ಮತ್ತೇನೂ ಇಲ್ಲ.