ಹೊರಿ ಹೊತ್ತವರನ್ನ ಕಂಡ್ರ ನಿಲ್ಲೋ ಕುದುರಿ

ಅವಸರದ ಮನಷ್ಯಾಗ ಸಮಾಧಾನದ ಮಂದೀನ ಗಂಟ ಬೀಳ್ತಾರ, ಅದು ಹಣಿಬಾರ. ಇಂಗ್ರೇಜರ ಕಾಲದಾಗ ನನ್ನ ಮನಿ ಧಾರವಾಡದ ಬಾಜೂಕಿನ ಕೆಲಗೇರಿಯೊಳಗ, ಕಾರಕೂನನ ನೌಕರಿ ಹುಬ್ಬಳ್ಳಿಯೊಳಗ. ಧಾರವಾಡದಿಂದ ಹೊಂಡೋ ರೇಲ್ವೆ ಗಾಡಿ ಮುಂಜಾನಿ ಎಂಟಕ್ಕ. "ಇನ್ನೊಂದ ದಿನ ತಡಾ ಆದ್ರ ನೌಕರಿ ಹೋತಂತ ತಿಳಿ," ಅಂತ ಸಾಹೇಬ ಹೇಳಿಬಿಟ್ಟಿದ್ದ. ಅವತ್ತಿನಿಂದ ಎದಿ ಡಬಡಬ, ನಿದ್ದಿ ಇಲ್ಲ.

೧. ಔಷಧ

ಮಾಳಮಡ್ಡಿ ಡಾಕ್ಟರು ನಾಡಿ ಹಿಡದು ನಕ್ಕರು. "ರೋಗಾ ಏನೂ ಇಲ್ರಿ. ದಿನಾ ಒಬ್ಬರಿಗರೆ ಉಪಕಾರ ಮಾಡ್ರಿ. ಮನಸು ಹಗುರ ಆಗ್ತದ, ನಿದ್ದಿ ತಾನ ಬರ್ತದ."

"ಉಪಕಾರ ಮಾಡ್ಲಿಕ್ಕೆ ಪುರಸೊತ್ತ ಎಲ್ಲೆದ ರೀ? ಎಂಟಕ್ಕ ಗಾಡಿ!" ಅಂತ ಚಪ್ಪಲಿ ಮೆಟ್ಟಿ ಓಡಿದೆ. ಅದರಾಗ ಒಂದು ಚಪ್ಪಲಿ ಡಾಕ್ಟರದು ಅಂತ ಮನಿಗೆ ಬಂದಮ್ಯಾಲೆ ತಿಳೀತು.

೨. ಕುದುರಿ ಸಾಲಿ

ದಿನಾ ನನ್ನ ಸ್ಟೇಶನ್ನಿಗೆ ಒಯ್ಯೋ ಟಾಂಗಾದ ಚಾಚಾ ದೊಡ್ಡ ಮನಸಿನಂವಾ. ಹೊರಿ ಹೊತ್ತು ನಡದು ಹೊಂಟವರನ್ನ ಪುಕ್ಕಟ ಹತ್ತಿಸಿಕೊಳ್ತಿದ್ದ. ನೋಡಿ ನೋಡಿ ಕುದುರೀನೂ ಕಲ್ತಿತ್ತು. ಅಂಥವರು ಕಂಡ್ರ ತಾನ ನಿಲ್ಲತಿತ್ತು, ಹತ್ತೂತನಕ ಕಾಲ ಕೀಳತಿದ್ದಿಲ್ಲ.

"ಚಾಚಾ, ಈ ಚಟಾ ಬಿಡಸು ಮಾರಾಯಾ!"

"ಕಲಿಸಾಕ ನಾಕ ವರ್ಷ ಹಿಡದೈತ್ರಿ ರಾಯರ. ಬಿಡಸಾಕ ಏನ, ನಿಮ್ಮ ಜೋಡಿ ನಾಕ ದಿನಾ ಕಟ್ಟಿದ್ರ ಸಾಕು."

೩. ಮೊಸರ ಗಡಿಗಿ

ಒಮ್ಮೆ ಮೊಸರು ಮಾರೋ ಮುದುಕಿ ಮುಂದ ಕುದುರಿ ನಿಂತಿತು. ಆಕಿ ಹತ್ತಿ ಗಡಿಗಿ ನನ್ನ ತೊಡಿ ಮ್ಯಾಲೆ ಇಟ್ಲು. ನನಗ ಗಾಡಿ ಚಿಂತಿ, ಕಾಲು ದಾರಿ ತುಂಬ ಕುಣದ್ವು. ಸ್ಟೇಶನ್ ಮುಟ್ಟಿದಾಗ ಆಕಿ ಗಡಿಗ್ಯಾಗ ಇಣುಕಿ ಅಂದ್ಲು: "ಯಪ್ಪಾ, ನಾಳಿಗೂ ಸಿಗು. ಬೆಣ್ಣಿ ಬಂದೈತಿ!"

೪. ನಿದ್ದಿ

ಒಂದಿನ ಮನಿ ಬಿಡೋದಕ್ಕ ತಡಾ ಆಗಿತ್ತು. ದಾರ್ಯಾಗ ದಪ್ಪನ ಚೀಲಾ ಹೊತ್ತ ಒಬ್ಬ ಹಿರ್ಯಾ ಕಂಡಾ. ಲಗೂನ ಛತ್ರಿ, ಡಬ್ಬಿ ಎಲ್ಲಾ ಸೀಟಿನ ಮ್ಯಾಲೆ ಹರವಿ, "ಜಾಗಾ ಇಲ್ರೀ!" ಅಂತ ಚೀರಿದೆ. ಕುದುರಿ ಕೇಳಬೇಕಲ್ಲ, ನಿಂತೇಬಿಟ್ಟಿತು. ಚಾಚಾ ತಾನ ನನ್ನ ಛತ್ರಿ ಸರಿಸಿ ಹಿರ್ಯಾನ್ನ ಹತ್ತಿಸಿದ.

"ನಿಮ್ಮಿಂದ ನನ್ನ ನೌಕರಿ ಹೋತು! ಮಕ್ಕಳು ಉಪಾಸ ಬೀಳ್ತಾವ!" ಅಂದೆ.

"ಎಲಿ ಅಡಿಕಿ ಹಾಕ್ಕೋರಿ," ಅಂತ ಹಿರ್ಯಾ ಚಂಚಿ ಬಿಚ್ಚಿದ.

ಸ್ಟೇಶನ್ ಮುಟ್ಟಿದಾಗ ಎಂಟು ಹೊಡದು ಹೋಗಿತ್ತು. ಆದ್ರ ಗಾಡಿ ನಿಂತಿತ್ತು! ಹಿರ್ಯಾ ಸಾವಕಾಶ ಇಳದು, ಚೀಲದಾಗಿಂದ ಕರೀ ಕೋಟು ತಗದು ಹಾಕ್ಕೊಂಡ. ಆಮ್ಯಾಲೆ ಹಸರ ನಿಶಾನಿ ತಗದ. ಆ ಗಾಡಿಯ ಗಾರ್ಡ್ ಅಂವನ!

"ನನ್ನ ಬಿಟ್ಟು ಬಂದಿದ್ರೂ ನಿಮಗ ಗಾಡಿ ಸಿಗತಿತ್ರಿ," ಅಂದ. "ಅದರಾಗ ಕೂತು ನನ್ನ ದಾರಿ ಕಾಯತಿದ್ರಿ, ಅಷ್ಟ."

ನಾಚಿಕಿ ಆತು. ಗಾಡ್ಯಾಗ ಸರದು ಕೂತು ಒಬ್ಬ ಮುದುಕಗ ಖಿಡಕಿ ಕಡೆ ಜಾಗಾ ಕೊಟ್ಟೆ, ಜನ್ಮದಾಗ ಮೊದಲನೇ ಉಪಕಾರ. ಖರೇನ ಮನಸು ಹಗುರ ಆತು. ಡಾಕ್ಟರು ಹೇಳಿದಂಗ ನಿದ್ದಿ ತಾನ ಬಂತು.

ಎಚ್ಚರಾದಾಗ ಹುಬ್ಬಳ್ಳಿ ದಾಟಿ, ಗಾಡಿ ಕುಂದಗೋಳದಾಗ ನಿಂತಿತ್ತು.